ಆಕ್ಸಿಲರೇಟರ್ ತುಳಿದರೂ ಕಾರು ಏಳದಿದ್ದಾಗ

ನನ್ನದು ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರು. 1.2 ಲೀಟರ್ ಎಂಜಿನ್, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು) ಇಲ್ಲ. ಪೆರ್ಲದಿಂದ ಕಾಸರಗೋಡಿನ ಶಾಲೆಗೆ ಹೋಗಿ ಬರಲು ಅದೇ ಗತಿ. ಮಳೆಗಾಲ ಕಳೆದ ಮೇಲೆ ಅದಕ್ಕೆ ಸೋಮಾರಿತನ ಹಿಡಿಯಿತು. ಚೆರ್ಕಳ–ಕಲ್ಲಡ್ಕ ರಸ್ತೆಯ ಏರುಗಳಲ್ಲಿ ಮೂರನೇ ಗೇರ್ ಹಾಕಿ ಕಾಲು ಒತ್ತಿದರೆ ಮೂಗು ಕಟ್ಟಿದಂಥ ಶಬ್ದ ಬರುತ್ತಿತ್ತೇ ಹೊರತು ವೇಗ ಬರುತ್ತಿರಲಿಲ್ಲ. ಬಸ್ಸನ್ನು ಹಿಂದೆ ಹಾಕಲು ಹೊರಟರೆ ಅರ್ಧದಲ್ಲೇ ಬೇಡ ಅನ್ನಿಸುತ್ತಿತ್ತು. ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಏನೂ ಗೊತ್ತಾಗದು. ಚೆಕ್ ಎಂಜಿನ್ ಲೈಟೂ ಉರಿಯಲಿಲ್ಲ.

ಮೆಕ್ಯಾನಿಕ್ ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದು ನೋಡಿದರು. ಚೊಕ್ಕವಾಗಿತ್ತು. "ಮಾಷೇ, ಥ್ರಾಟಲ್ ಬಾಡಿ ಹೋದದ್ದು, ಹೊಸತು ಹಾಕುವ" ಅಂದರು. ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು ಅದು. ರೇಟು ಕೇಳಿದ ಮೇಲೆ "ಮುಂದಿನ ವಾರ ನೋಡುವ" ಅಂತ ಹೇಳಿ ಮನೆಗೆ ಬಂದೆ.

ಈಗಿನ ಕಾರುಗಳಲ್ಲಿ ಆಕ್ಸಿಲರೇಟರಿಗೆ ಕೇಬಲ್ ಇರುವುದಿಲ್ಲ. ಪೆಡಲಿನಲ್ಲಿ ಒಂದು ಸೆನ್ಸರ್. ಅದು ಎಂಜಿನ್ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರ್ ಹೇಳಿದಷ್ಟು ಒಂದು ಪುಟ್ಟ ಮೋಟಾರು ಥ್ರಾಟಲ್ ಬಾಡಿಯೊಳಗಿನ ತಟ್ಟೆಯನ್ನು ತಿರುಗಿಸುತ್ತದೆ. ಆಗ ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಪಿಕಪ್ ಇಲ್ಲ ಅಂದರೆ ಕಾಲಿನ ಸುದ್ದಿ ಸರಿಯಾಗಿ ಮುಟ್ಟದೆ ಇರಬಹುದು, ತಟ್ಟೆ ತೆರೆಯದೆ ಇರಬಹುದು, ತೆರೆದರೂ ಗಾಳಿ ಬಾರದೆ ಇರಬಹುದು. ಗಾಳಿ ಬಂದರೂ ಪೆಟ್ರೋಲೋ ಕಿಡಿಯೋ ಸಾಲದೆ ಇರಬಹುದು. ಯಾವುದು ಅಂತ ಗೊತ್ತಾಗುವ ಮೊದಲೇ ಪಾರ್ಟು ಬದಲಿಸುವುದು ನನಗೆ ಆಗದು. ಕ್ಲಚ್ ಜಾರುತ್ತಿದೆಯೋ ಅಂತಲೂ ನೋಡಿಕೊಂಡೆ. ಕ್ಲಚ್ ಜಾರಿದರೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ) ತೋರಿಸುವ ಮುಳ್ಳು ಮೇಲೆ ಹೋಗುತ್ತದೆ, ಕಾರು ಮಾತ್ರ ಹೋಗುವುದಿಲ್ಲ. ಇಲ್ಲಿ ಮುಳ್ಳೂ ನಿಧಾನಕ್ಕೇ ಏಳುತ್ತಿತ್ತು.

ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಒಂದು ನನ್ನಲ್ಲಿತ್ತು. ಎಂಜಿನ್ ಕಂಪ್ಯೂಟರಿನ ಲೆಕ್ಕಗಳನ್ನು ಅದು ಫೋನಿಗೆ ಕಳಿಸುತ್ತದೆ. ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಪೆಡಲ್ ಒತ್ತಿದೆ. ಫೋನಿನಲ್ಲಿ ಪೆಡಲಿನ ಗೆರೆ ತಡವರಿಸದೆ ಮೇಲೇರಿತು. ಸೊನ್ನೆಯಿಂದ ನೂರರವರೆಗೆ ಬರಬೇಕು ಅಂತ ಕಾಯಬೇಡಿ. ಎಷ್ಟೋ ಕಾರುಗಳಲ್ಲಿ ಪೆಡಲ್ ಮುಟ್ಟದಿದ್ದಾಗಲೇ 15ರ ಆಸುಪಾಸು ಇರುತ್ತದೆ, ಪೂರ್ತಿ ಒತ್ತಿದರೂ 80 ದಾಟುವುದಿಲ್ಲ. ಕಾಲಡಿಯ ಮ್ಯಾಟ್ ತೆಗೆದು ಇನ್ನೊಮ್ಮೆ ನೋಡಿ. ನಮ್ಮ ಕಡೆ ಮಳೆಗಾಲದ ಕೆಂಪು ಕೆಸರಿಗೆ ಮ್ಯಾಟಿನ ಮೇಲೆ ಮ್ಯಾಟ್ ಹಾಕುತ್ತಾರಲ್ವಾ, ಅದು ಪೆಡಲಿಗೆ ಅಡ್ಡ ಕೂತರೆ ಪೂರ್ತಿ ಒತ್ತಲಿಕ್ಕೇ ಆಗುವುದಿಲ್ಲ.

ಆಮೇಲೆ ರಸ್ತೆಗೆ ಇಳಿದೆ. ಓಡಿಸುವವರು ಫೋನ್ ನೋಡಬಾರದು, ಹಾಗಾಗಿ ತಮ್ಮನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನೋಡಬೇಕಾದದ್ದು ಮ್ಯಾಪ್ (MAP) ಸೆನ್ಸರಿನ ಲೆಕ್ಕ. ಥ್ರಾಟಲ್ ತಟ್ಟೆ ದಾಟಿದ ಗಾಳಿಯ ಒತ್ತಡವನ್ನು ಅದು ಕಿಲೋಪಾಸ್ಕಲಿನಲ್ಲಿ ಹೇಳುತ್ತದೆ. ಎಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯಷ್ಟೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಸುಮಾರು 101, ಪ್ರತಿ 100 ಮೀಟರ್ ಎತ್ತರಕ್ಕೆ ಒಂದು ಚಿಲ್ಲರೆ ಕಡಿಮೆ. ಮನೆಯಂಗಳದಲ್ಲಿ 99 ಇತ್ತು, ಅಂದರೆ ಸೆನ್ಸರನ್ನು ನಂಬಬಹುದು. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಪೂರ್ತಿ ತುಳಿದಾಗಲೂ ಇದರ ಹತ್ತಿರವೇ ಬರಬೇಕು.

"ದೊಡ್ಡಪ್ಪ, ಎಂಬತ್ತಕ್ಕಿಂತ ಕೆಳಗೆ ಇಳೀತು" ಅಂದ ಹುಡುಗ.

ಏರಿನಲ್ಲಿ 2000 ಆರ್‌ಪಿಎಂಗೆ 94 ಇದ್ದದ್ದು 4000 ಹತ್ತಿರವಾಗುವಾಗ 79ಕ್ಕೆ ಇಳಿದಿತ್ತು. ಥ್ರಾಟಲ್ ಮಾತ್ರ ಪೂರ್ತಿ ತೆರೆದೇ ಇತ್ತು. ಎಂಜಿನ್ ಜಾಸ್ತಿ ಗಾಳಿ ಕೇಳಿದಷ್ಟೂ ಒತ್ತಡ ಬೀಳುತ್ತದೆ ಅಂದರೆ ತಟ್ಟೆಗಿಂತ ಮೊದಲೇ ಎಲ್ಲೋ ದಾರಿ ಕಟ್ಟಿದೆ. ಸೈಲೆನ್ಸರ್ ಕಡೆ ಕಟ್ಟಿದ್ದರೆ ಒತ್ತಡ ಮೇಲೆಯೇ ನಿಂತು ಶಕ್ತಿ ಮಾತ್ರ ಇಳಿಯುತ್ತಿತ್ತು. ಲೈಟ್ ಯಾಕೆ ಉರಿಯಲಿಲ್ಲ ಅಂತಲೂ ಆಗ ತಿಳಿಯಿತು. ಇದ್ದಷ್ಟು ಗಾಳಿಯನ್ನು ಅಳೆದು ಅಷ್ಟಕ್ಕೇ ಪೆಟ್ರೋಲ್ ಕೊಡುವ ಕಂಪ್ಯೂಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಫಿಲ್ಟರ್ ಚೊಕ್ಕ ಇತ್ತಲ್ಲ? ಅದಕ್ಕೂ ಮುಂಚೆ ಗ್ರಿಲ್ ಹಿಂದಿನಿಂದ ಫಿಲ್ಟರ್ ಡಬ್ಬಿಗೆ ಒಂದು ಪ್ಲಾಸ್ಟಿಕ್ ಕೊಳವೆ ಬರುತ್ತದೆ. ಅದರ ಕ್ಲಿಪ್ ಬಿಚ್ಚಿ ಟಾರ್ಚ್ ಹಾಕಿದರೆ ಬಗ್ಗಿದ ಜಾಗದಲ್ಲಿ ಇಲಿಯ ಗೂಡು. ಅಡಿಕೆ ಸಿಪ್ಪೆಯ ನಾರು, ಗೋಣಿಯ ಎಳೆ, ಬಾನೆಟ್ಟಿನ ಒಳಗೆ ಅಂಟಿಸಿದ ಹತ್ತಿಯಂಥ ಹಾಳೆಯ ತುಂಡುಗಳು, ಎಲ್ಲ ಸೇರಿಸಿ ಗಟ್ಟಿ ನೇಯ್ದಿತ್ತು. ಮೇಲ್ಗಡೆ ಎರಡು ಬೆರಳು ಹೋಗುವಷ್ಟು ಜಾಗ ಉಳಿದಿತ್ತು. ಎಂಜಿನ್ ಉಸಿರಾಡುತ್ತಿದ್ದದ್ದು ಅಷ್ಟರಲ್ಲೇ. ಕಾರು ನಿಲ್ಲಿಸುವುದು ಅಡಿಕೆ ಸುಲಿಯುವ ಶೆಡ್ಡಿನ ಪಕ್ಕ, ಆ ಇಲಿಗೆ ಸಾಮಾನು ಹೊರುವ ಕಷ್ಟವೂ ಇರಲಿಲ್ಲ. ಬರಿಗೈ ಹಾಕಬೇಡಿ, ಇಲಿಜ್ವರ ಸುಮ್ನೆ ಬಿಡುವಂಥದ್ದಲ್ಲ. ಗ್ಲೌಸ್, ಮಾಸ್ಕ್ ಹಾಕಿಕೊಂಡು ತೆಗೆದೆ. ಕೊಳವೆಯನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಕೂರಿಸಿದೆ. ಸುತ್ತಲಿನ ವಯರುಗಳನ್ನೂ ನೋಡಿದೆ, ಪುಣ್ಯಕ್ಕೆ ಕಚ್ಚಿರಲಿಲ್ಲ. ಅದೇ ಏರಿನಲ್ಲಿ ಈಗ 96.

ಬಿಚ್ಚಿದ್ದು ಹೇಗೂ ಬಿಚ್ಚಿದೆ ಅಂತ ಥ್ರಾಟಲ್ ಬಾಡಿಯನ್ನೂ ಒರೆಸಿದೆ. ಬ್ಯಾಟರಿಯ ನೆಗೆಟಿವ್ ತೆಗೆದು, ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹೊಡೆದು, ತಟ್ಟೆಯ ಅಂಚಿನ ಕಪ್ಪನ್ನು ಮೆಲ್ಲಗೆ ಉಜ್ಜಿದರೆ ಸಾಕು. ತಟ್ಟೆಯನ್ನು ಬೆರಳಿನಿಂದ ಬಲವಾಗಿ ದೂಡಬೇಡಿ, ಒಳಗಿನ ಗೇರು ಪ್ಲಾಸ್ಟಿಕ್ಕಿನದ್ದು. ಆಮೇಲೆ ಸ್ವಲ್ಪ ಹೊತ್ತು ಐಡ್ಲಿಂಗ್ (ಪೆಡಲ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವ ವೇಗ) ಜಾಸ್ತಿ ಇತ್ತು. ಕಪ್ಪು ಕಟ್ಟಿದ್ದಾಗ ಕಂಪ್ಯೂಟರ್ ತಟ್ಟೆಯನ್ನು ತುಸು ಹೆಚ್ಚು ತೆರೆದಿಡಲು ಕಲಿತಿರುತ್ತದೆ, ಅದು ಹೊಸ ಲೆಕ್ಕ ಕಲಿಯಬೇಕು. ನನ್ನದು ಓಡಿಸುತ್ತಾ ತಾನಾಗಿಯೇ ಸರಿಯಾಯಿತು. ಕೆಲವು ಕಾರುಗಳಿಗೆ ದೊಡ್ಡ ಸ್ಕ್ಯಾನರಿನಿಂದಲೇ ಕಲಿಸಬೇಕಾಗುತ್ತದೆ. ಫಸ್ಟ್ ಗೇರಿನಲ್ಲಿ ಹೊರಡುವಾಗಿನ ಸಣ್ಣ ಎಡವಟ್ಟು ಹೋದದ್ದು ಮಾತ್ರ ಇದರಿಂದ. ಏರಿನ ಪಿಕಪ್ಪಿಗೂ ಇದಕ್ಕೂ ಸಂಬಂಧ ಇಲ್ಲ.

ಕೊಳವೆಯ ಬಾಯಿಗೆ ಕಾಲಿಂಚು ಕಣ್ಣಿನ ತಂತಿ ಜಾಲರಿ ಕಟ್ಟಿದ್ದೇನೆ. ಸೊಳ್ಳೆ ಪರದೆ ಬೇಡ, ಧೂಳು ಕೂತು ಅದೇ ಕಟ್ಟಿಕೊಳ್ಳುತ್ತದೆ. ಟರ್ಬೊ ಡೀಸೆಲ್ ಇದ್ದವರು 99ರ ಲೆಕ್ಕ ಹಿಡಿಯಬೇಡಿ. ಅಲ್ಲಿ ತುಳಿದಾಗ ಒತ್ತಡ ನೂರರ ಎಷ್ಟೋ ಮೇಲೆ ಹೋಗಬೇಕು. ಹೋಗದಿದ್ದರೆ ಟರ್ಬೊದಿಂದ ಇಂಟರ್‌ಕೂಲರಿಗೆ (ಆ ಗಾಳಿಯನ್ನು ತಣಿಸುವ ಭಾಗ) ಹೋಗುವ ಹೋಸುಗಳ ಜಾಯಿಂಟಿನಲ್ಲಿ ಎಣ್ಣೆ ಜಿನುಗಿದೆಯಾ ಅಂತ ಮೊದಲು ನೋಡಿ.