ಕೂಸು ಯಾರ ಕಡೆ ಬಿಡೂದು? ಮಹಿಳಾ ಸಭೆ ನಡೆಸಿದ ನನ್ನ ಅನುಭವ

ಗ್ರಾಮ ಸಭೆಯಲ್ಲಿ ಮಕ್ಕಳ ಆರೈಕೆಯ ವಿಷಯ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಸಿ.ಸಿ. ರಸ್ತೆ, ಚರಂಡಿ, ಮನೆಗಳ ಪಟ್ಟಿ ಇಷ್ಟು ಮುಗಿದರೆ ಗಂಡಸರು ಅರ್ಧಕ್ಕರ್ಧ ಎದ್ದಿರುತ್ತಾರೆ. ಬಾಗಿಲ ಹತ್ತಿರ ನಿಂತ ಹೆಂಗಸರು ಅಲ್ಲಿಂದಲೇ ಮನೆಗೆ. ಕೊಪ್ಪಳ ಜಿಲ್ಲೆಯ ಒಂದು ಪಂಚಾಯಿತಿಯಲ್ಲಿ ನಾನು ಗ್ರಾಮ ಕಾಯಕ ಮಿತ್ರ, ಅಂದರೆ ಉದ್ಯೋಗ ಖಾತ್ರಿ (ನರೇಗಾ) ಕೂಲಿಗೆ ಬರುವ ಹೆಂಗಸರಿಗೆ ನೆರವಾಗುವ ಕೆಲಸ. ಮೈಕಿನ ಮುಂದೆ ಈ ಮಾತು ಬೆಳೆಯುವುದಿಲ್ಲ ಅನ್ನುವುದು ಗೊತ್ತಿದ್ದೇ, ಗ್ರಾಮ ಸಭೆಗಿಂತ ಮೊದಲು ನಡೆಯುವ ಮಹಿಳಾ ಸಭೆಯನ್ನು ನೆಚ್ಚಿಕೊಂಡೆ.

2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾಗಿತ್ತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು. ನಮ್ಮಲ್ಲೂ ಬಂತು. ಯಾವ ಕೋಣೆ, ಎಷ್ಟು ಗಂಟೆಗೆ ತೆರೆಯಬೇಕು, ಕೂಸು ನೋಡಿಕೊಳ್ಳುವವರು ಯಾರು ಎಂಬುದನ್ನು ಕಚೇರಿಯ ಮೇಜಿನ ಮೇಲೆ ತೀರ್ಮಾನಿಸಿದ್ದರೆ ಅರ್ಧ ತಾಸಿನಲ್ಲಿ ಮುಗಿಯುತ್ತಿತ್ತು. ಕೂಸು ಮಾತ್ರ ಒಂದೂ ಬರುತ್ತಿರಲಿಲ್ಲ.

ಸಭೆ ಕರೆದಿದ್ದು ಶಾಲೆಯ ಪಡಸಾಲೆಯಲ್ಲಿ, ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಮುಂಚೆ. ‘ನಿಮ್ಮ ಸಮಸ್ಯೆ ಹೇಳಿ’ ಎಂದು ಶುರುಮಾಡಿದರೆ ಎಲ್ಲರೂ ನೀರಿನ ಮಾತು ತೆಗೆಯುತ್ತಾರೆ, ಅದು ಖಚಿತ. ಹಾಗಾಗಿ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಗಡಿಯಾರ ಬರೆದೆ. ಪ್ರತಿಯೊಬ್ಬರ ಕೈಗೂ ಒಂದು ಹಿಡಿ ತೊಗರಿ ಕಾಳು. ಕೂಸನ್ನು ನೋಡುವವರು ಇಲ್ಲದ ತಾಸಿನ ಮೇಲೆ ಒಂದೊಂದು ಕಾಳು ಇಡಬೇಕು, ಅಷ್ಟೆ. ಓದು ಬರಹ ಬಾರದವರೂ ಇಟ್ಟರು, ಸೊಸೆಯ ಹಿಂದೆ ಕೂತು ಬಾಯಿ ಬಿಡದ ಅತ್ತೆಯರೂ ಇಟ್ಟರು. ಮುಂಜಾನೆ ಆರರಿಂದ ಹತ್ತರವರೆಗೆ ಒಂದು ರಾಶಿ ಬಿತ್ತು. ಸಂಜೆ ನಾಲ್ಕರಿಂದ ಆರರ ಮೇಲೆ ಅದಕ್ಕಿಂತ ದೊಡ್ಡದು. ನಡುಹಗಲಿನ ಮೇಲೆ, ಅಂದರೆ ನಾವು ಕೂಸಿನ ಮನೆ ತೆರೆಯಬೇಕೆಂದುಕೊಂಡಿದ್ದ ಹೊತ್ತಿನ ಮೇಲೆ, ಎಣಿಸಿ ನಾಲ್ಕು ಕಾಳು.

ಕಾರಣ ಅಲ್ಲೇ ಹೊರಬಿತ್ತು. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ನರೇಗಾ ಕೆಲಸಕ್ಕೆ ಹೊರಡುತ್ತಿದ್ದರು. ಮಳೆಗಾಲದಲ್ಲಿ ಹೊಲದ ಕಳೆ ಕೂಲಿ ಮುಗಿಯುವುದೇ ಹೊತ್ತು ಮುಳುಗುವಾಗ, ಅಂಗನವಾಡಿ ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ.

ಒಬ್ಬ ಅಜ್ಜಿ ಸಿಟ್ಟಾದಳು: “ಯವ್ವಾ, ನಾವೇನು ಮಕ್ಕಳ್ನ ಸಾಕಿಲ್ಲೇನು? ಈಗ್ಯಾಕ ಬೇಕು ಇದೆಲ್ಲಾ?”

“ಸಾಕೀರಿ ಆಯಿ, ಖರೆ. ಆದ್ರ ನೀವೂ ಕುರಿ ಹೊಡಕೊಂಡು ಅಡವಿಗೆ ಹೋಗ್ತೀರಲ್ಲ, ಆಗ ಕೂಸು ಯಾರ ಕಡೆ ಇರತೈತಿ?”

ಆಕೆ ಉತ್ತರ ಕೊಡಲಿಲ್ಲ. ಪಕ್ಕದಾಕೆ ಕೊಟ್ಟಳು: “ಮೊಮ್ಮಗಳ ಕಡೆ.” ಮೊಮ್ಮಗಳು ಐದನೇ ಇಯತ್ತೆ. ಸುಗ್ಗಿ, ಕಳೆ ಬಂತೆಂದರೆ ಶಾಲೆಯ ಹಾಜರಿಯಲ್ಲಿ ಇಂಥ ಹುಡುಗಿಯರ ಹೆಸರಿನ ಮುಂದೆ ಖಾಲಿ ಚೌಕ. ಇದೇ ಮಾತನ್ನು ನಾನು ಹೇಳಿದ್ದರೆ ಸರ್ಕಾರಿ ಭಾಷಣ ಆಗುತ್ತಿತ್ತು.

ಬಹಳ ಹೊತ್ತು ಹಿಡಿದದ್ದು ಆರೈಕೆ ಮಾಡುವವರ ವಿಚಾರ. ಜಾಬ್ ಕಾರ್ಡ್ ಇರುವ ಹೆಂಗಸರಿಗೇ ತರಬೇತಿ ಕೊಟ್ಟು, ನರೇಗಾ ಕೂಲಿಯ ಮೇಲೆ ನೇಮಿಸುವ ಕ್ರಮ ಇತ್ತು. 2024-25ರಲ್ಲಿ ಆ ಕೂಲಿ ದಿನಕ್ಕೆ 349 ರೂಪಾಯಿ. ಆಗ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ ಇದ್ದುದರಿಂದ ಸರದಿ ಬದಲಾಗಲೇಬೇಕಿತ್ತು. ಅದಕ್ಕೆ ಒಬ್ಬ ತಾಯಿ, “ಕೂಸು ಒಬ್ಬಾಕಿ ಕೈಗೆ ಹೊಂದೂದ್ರಾಗ ಆಕಿ ಹೋಗ್ತಾಳ, ಇನ್ನೊಬ್ಬಾಕಿ ಬರ್ತಾಳ. ಮತ್ತ ಅಳೂದ ಶುರು” ಎಂದಳು. ನಿಯಮ ಬರೆದವರಿಗೆ ಇದು ಹೊಳೆದಿತ್ತೋ ಇಲ್ಲವೋ! ಚರ್ಚೆ ಆಗಿ ಆಗಿ, ಕೂಸು ನೋಡಿಕೊಳ್ಳುವ ಜೋಡಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಬದಲಿಸಬಾರದು, ಹಳಬಳೊಬ್ಬಳು ಇದ್ದಾಗಲೇ ಹೊಸಬಳು ಬರಬೇಕು ಎಂದು ಗೊತ್ತುಮಾಡಿದರು. ಈ ಉಪಾಯ ನನ್ನದಲ್ಲ, ಸಭೆಯದು.

ಯಾವ ಓಣಿಯಾಕೆ ಕೂಸಿಗೆ ಉಣಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಪಿಸುಮಾತಿನಲ್ಲಿ ಎಲ್ಲರೂ ಕೇಳಿದರು. ಜೋಡಿಯ ಇಬ್ಬರೂ ಬೇರೆ ಬೇರೆ ಓಣಿಯವರಾಗಿರಬೇಕು ಎಂದು ನಾನು ಪಟ್ಟು ಹಿಡಿದೆ. ಇಲ್ಲಿ ಒಮ್ಮತಕ್ಕೆ ಕಾಯಬಾರದು ಎಂಬುದು ನನ್ನ ಅಭಿಪ್ರಾಯ. ಒಂದೆರಡು ಮನೆಯವರು ಕೂಸು ಕಳಿಸಲಿಲ್ಲ, ಈಗಲೂ ಕಳಿಸುತ್ತಿಲ್ಲ.

ಕೋಣೆಯ ಮಾತು ಬೇಗ ಮುಗಿಯಿತು. ಪಂಚಾಯಿತಿ ಪಕ್ಕದ್ದು ಚೆನ್ನಾಗಿತ್ತು, ಎದುರಿಗೇ ಟ್ರ್ಯಾಕ್ಟರ್ ಓಡಾಡುವ ರಸ್ತೆ. ಬೇಡವೆಂದರು. ಶಾಲೆಯ ಹಳೇ ಕೋಣೆ ಆಯಿತು, ಚೇಳಿನ ಕಾಟ ಇದ್ದುದರಿಂದ ನೆಲದ ಬಿರುಕು ಮುಚ್ಚಿಸುವ ಷರತ್ತಿನ ಮೇಲೆ.

ಠರಾವು ಬರೆಯುವಾಗ ಒಂದು ಎಚ್ಚರ ಬೇಕು. ‘ಮಕ್ಕಳ ಆರೈಕೆಗೆ ಕ್ರಮ ವಹಿಸಲು ತೀರ್ಮಾನಿಸಲಾಯಿತು’ ಎಂದು ಬರೆದರೆ ಆ ಕಾಗದ ಅಲ್ಲೇ ಕೂತಿರುತ್ತದೆ. ಬೇಸಿಗೆಯಲ್ಲಿ ಬಾಗಿಲು ಎಷ್ಟಕ್ಕೆ ತೆರೆಯಬೇಕು, ಕೀಲಿ ಯಾರ ಹತ್ತಿರ, ಬಿರುಕು ಮುಚ್ಚಿಸುವ ಹಣ ಯಾವ ಲೆಕ್ಕದಿಂದ ಎಂಬುದನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರ ಎದುರೇ ಬರೆಸಿ, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿದೆವು. ಗ್ರಾಮ ಸಭೆಯಲ್ಲಿ ಅದನ್ನು ಓದಿದ್ದು ನಾನಲ್ಲ, ಕಾಳು ಇಟ್ಟವರಲ್ಲೇ ಇಬ್ಬರು. “ಇದು ಹೆಂಗಸರ ಕೆಲಸ, ಅವರವರೇ ನೋಡಿಕೊಳ್ಳಲಿ” ಎಂದು ಹಿಂದಿನಿಂದ ಒಬ್ಬರು ಕೂಗಿದರು. “ಮತ್ತ ಕೂಲಿ ರೊಕ್ಕ ಯಾರ ಮನಿಗೆ ಬರತೈತಿ?” ಎಂದದ್ದು ಅದೇ ಅಜ್ಜಿ.

ಮುಂಜಾನೆಯ ರಾಶಿಗೆ ದಾರಿ ಸಿಕ್ಕಿತು. ಸಂಜೆಯದಕ್ಕೆ ಇನ್ನೂ ಸಿಕ್ಕಿಲ್ಲ. ಅಂಗನವಾಡಿಯ ವೇಳೆ ಬದಲಿಸುವುದು ಪಂಚಾಯಿತಿಯ ಕೈಯಲ್ಲಿಲ್ಲ, ಹೊಲದ ಮಾಲೀಕರು ಬೇಗ ಬಿಡುವವರಲ್ಲ. ಮುಂದಿನ ಮಹಿಳಾ ಸಭೆಗೆ ಹೊಲ ಮಾಡಿಸುವ ಮನೆಯ ಹೆಂಗಸರನ್ನೂ ಕರೆಯಬೇಕೆಂದು ಕೂಲಿಯವರೇ ಹೇಳಿದ್ದಾರೆ. ಕರೆದಿದ್ದೇನೆ.