ಮಾವನ ವಿಮಾನ ಮಾರುವುದು ಹೇಗೆ?

ಬಳ್ಳಾರಿಯಲ್ಲಿ ಹೊಲ ಮಾರಿಸಿಕೊಡುವವರಿದ್ದಾರೆ, ಟಿಪ್ಪರ್ ಮಾರಿಸಿಕೊಡುವವರಿದ್ದಾರೆ, ಹಳೆಯ ಕ್ರಷರ್ ಬಿಚ್ಚಿ ತೂಕಕ್ಕೆ ಹಾಕಿಸುವವರೂ ಇದ್ದಾರೆ. ವಿಮಾನ ಮಾರಿಸಿಕೊಡುವವರು ಮಾತ್ರ ಕೌಲ್ ಬಜಾರಿನಿಂದ ಮೋತಿ ಸರ್ಕಲ್‌ವರೆಗೆ ವಿಚಾರಿಸಿದರೂ ಒಬ್ಬರೂ ಸಿಗಲಿಲ್ಲ. ಸೋದರಮಾವ ತೀರಿಕೊಂಡ ಮೇಲೆ ಅವರ ನಾಲ್ಕು ಸೀಟಿನ ಸೆಸ್ನಾ 172 ಮಾರುವ ಕೆಲಸ ನನ್ನ ಹೆಗಲಿಗೆ ಬಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವಿಮಾನದ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೂ ಗೊತ್ತಿರಲಿಲ್ಲ. ‘ನಿನಗೆ ಕಾಗದಪತ್ರ ತಿಳಿಯುತ್ತದಲ್ಲ, ಸಾಕು’ ಎಂದರು ಅತ್ತೆ. ಅವರ ಮಾತೇ ನಿಜವಾಯಿತು. ಸಣ್ಣ ವಿಮಾನದ ಮಾರಾಟ ಮುಕ್ಕಾಲು ಪಾಲು ಕಾಗದದ ಮಾರಾಟ.

ಗಣಿ ದುಡ್ಡು ಓಡಾಡುತ್ತಿದ್ದ ದಿನಗಳಲ್ಲಿ ಮಾವ ಅದನ್ನು ಕೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅವರ ಹಾರಾಟವೂ ನಿಂತಿತು. ಅಂದಿನಿಂದ ವಿಮಾನ ಒಂದು ಖಾಸಗಿ ಏರ್‌ಸ್ಟ್ರಿಪ್‌ನ ಶೆಡ್ಡಿನಲ್ಲಿ ಕೆಂಪು ಧೂಳು ಹೊದ್ದು ನಿಂತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ನಿಂತಿದ್ದರೆ ನಾನು ಎಡವಿದ ಕಡೆ ನೀವು ಎಡವಬೇಡಿ.

ಮೊದಲು ಮಾಲೀಕ ಯಾರೆಂದು ನೋಡಿ

ನಾನು ಮಾಡಿದ ಮೊದಲ ಕೆಲಸ ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸಿದ್ದು. ಎರಡನೆಯ ಕೆಲಸ ನೋಂದಣಿ ಪ್ರಮಾಣಪತ್ರ ಓದಿದ್ದು. ಇವೆರಡನ್ನೂ ತಿರುವುಮುರುವು ಮಾಡಬೇಕಿತ್ತು. ವಿಮಾನ ಮಾವನ ಹೆಸರಿನಲ್ಲಿ ಇರಲೇ ಇಲ್ಲ, ಅವರು ನಿರ್ದೇಶಕರಾಗಿದ್ದ ಕಂಪನಿಯ ಹೆಸರಿನಲ್ಲಿತ್ತು. ಕಂಪನಿಯ ಆಸ್ತಿಯನ್ನು ವಾರಸುದಾರರು ಮಾರಲು ಬರುವುದಿಲ್ಲ. ಆಡಳಿತ ಮಂಡಳಿಯ ನಿರ್ಣಯ ಬೇಕು, ಸಹಿ ಮಾಡುವವರು ಯಾರೆಂದು ಅದರಲ್ಲಿಯೇ ಬರೆದಿರಬೇಕು.

ವಿಮಾನ ವ್ಯಕ್ತಿಯ ಹೆಸರಿನಲ್ಲಿಯೇ ಇದ್ದರೆ ಉಯಿಲು ಇದೆಯೇ, ವಾರಸುದಾರರೆಲ್ಲರ ಒಪ್ಪಿಗೆ ಇದೆಯೇ ಎಂದು ವಕೀಲರ ಮುಂದೆ ಕುಳಿತು ತೀರ್ಮಾನಿಸಿ. ತೀರಿಕೊಂಡವರು ಬದುಕಿದ್ದಾಗ ಬರೆದುಕೊಟ್ಟ ಮುಖ್ತಿಯಾರ್‌ನಾಮೆ ಹಿಡಿದುಕೊಂಡು ಬರುವ ಬಂಧುಗಳು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಬರೆದುಕೊಟ್ಟವರ ಸಾವಿನೊಂದಿಗೇ ಆ ಅಧಿಕಾರ ಮುಗಿಯುತ್ತದೆ. ಬ್ಯಾಂಕಿನ ಸಾಲವಿದ್ದರೆ ಬಾಕಿ ಇಲ್ಲವೆಂಬ ಪತ್ರವನ್ನು ಗಿರಾಕಿ ಬರುವ ಮುನ್ನವೇ ಪಡೆದಿಡಿ. ವಿಮಾನ ಹೊರದೇಶದಿಂದ ಬಂದದ್ದಾದರೆ ಸುಂಕ ಕಟ್ಟಿದ ಕಾಗದವನ್ನೂ ಹುಡುಕಿ. ರಿಯಾಯಿತಿಯಲ್ಲಿ ತಂದಿದ್ದರೆ ಅದಕ್ಕೆ ಬಳಕೆಯ ಷರತ್ತು ಇರಬಹುದು.

ಹಲ್ಲು ಹಿಡಿದು ನೋಡುವುದು

ದನದ ಸಂತೆಯಲ್ಲಿ ಎತ್ತಿನ ಮೈ ಸವರಿ ಮೆಚ್ಚಿಕೊಂಡವನು ಕೊನೆಗೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ವಿಮಾನದ ಹಲ್ಲು ಎಂದರೆ ಲಾಗ್‌ಬುಕ್. ಒಡಲಿಗೆ ಒಂದು, ಎಂಜಿನ್ನಿಗೆ ಒಂದು, ಪ್ರೊಪೆಲ್ಲರಿಗೆ ಒಂದು. ಎಷ್ಟು ಗಂಟೆ ಹಾರಿದೆ, ಯಾವ ಭಾಗ ಬದಲಾಗಿದೆ, ಸುರಕ್ಷತೆಗಾಗಿ ಹೊರಡಿಸಿದ ಕಡ್ಡಾಯ ಸೂಚನೆಗಳನ್ನು ಪಾಲಿಸಿದ್ದಾರೆಯೇ, ಎಲ್ಲಾದರೂ ಬಡಿದಿದೆಯೇ, ಎಲ್ಲಕ್ಕೂ ಎಂಜಿನಿಯರ್ ಸಹಿ ಇರುತ್ತದೆ. ಒಂದು ಪುಸ್ತಕ ಕಳೆದರೂ ಬೆಲೆ ಜರ‍್ರೆಂದು ಇಳಿಯುತ್ತದೆ. ನಮ್ಮ ಪ್ರೊಪೆಲ್ಲರ್ ಪುಸ್ತಕಕ್ಕಾಗಿ ಮೂರು ವಾರ ಹುಡುಕಿದೆವು. ಕೊನೆಗೆ ಅದು ಟಿಪ್ಪರುಗಳ ಇನ್ಶೂರೆನ್ಸ್ ಫೈಲಿನೊಳಗೆ ಸಿಕ್ಕಿತು. ಸಿಕ್ಕ ದಿನವೇ ಮೂರನ್ನೂ ಪುಟಪುಟ ಸ್ಕ್ಯಾನ್ ಮಾಡಿಸಿ, ಮೂಲಪ್ರತಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಈ ಪುಸ್ತಕಗಳನ್ನು ಓದಿಸಲು ಪರವಾನಗಿ ಇರುವ ವಿಮಾನ ನಿರ್ವಹಣಾ ಎಂಜಿನಿಯರ್ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ದಲ್ಲಾಳಿಗಿಂತ ಮೊದಲು ಇವರು ಬೇಕು. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಅವರು ಬಂದ ದಿನ ನನ್ನ ಜಂಭ ಇಳಿಯಿತು.

ಆ ಕಥೆ ಹೀಗಿದೆ. ಈ ಎಂಜಿನ್ನನ್ನು 2,000 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು ಎಂದು ತಯಾರಕರಾದ ಲೈಕಮಿಂಗ್ ಕಂಪನಿ ಹೇಳುತ್ತದೆ. ನಮ್ಮದು ಓಡಿದ್ದು 700 ಗಂಟೆ. ಇನ್ನೂ 1,300 ಗಂಟೆ ಉಳಿದಿದೆ, ಎಳೆಗರು ಇದ್ದ ಹಾಗಿದೆ ಎಂದು ನಾನು ಬೆಲೆ ಕಟ್ಟಿದ್ದೆ. ಎಂಜಿನಿಯರ್ ನಕ್ಕರು. ಗಂಟೆ ಎಷ್ಟೇ ಉಳಿದಿರಲಿ, 12 ವರ್ಷ ಕಳೆದರೂ ಓವರ್‌ಹಾಲ್ ಮಾಡಬೇಕೆಂದು ಅದೇ ಕಂಪನಿ ಹೇಳುತ್ತದೆ. ಹಾರದೆ ನಿಂತ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದು, ಮೇಲಿರುವ ಕ್ಯಾಮ್‌ಶಾಫ್ಟ್, ಅಂದರೆ ಕವಾಟಗಳನ್ನು ತೆರೆಯುವ ದಂಡ, ಒಣಗಿ ತುಕ್ಕು ಹಿಡಿಯುತ್ತದೆ. ಕಾವಲುಗಾರ ತಿಂಗಳಿಗೊಮ್ಮೆ ಹತ್ತು ನಿಮಿಷ ಚಾಲೂ ಮಾಡುತ್ತಿದ್ದನಲ್ಲ ಎಂದೆ. ಅದು ಇನ್ನೂ ಕೆಟ್ಟದ್ದಂತೆ. ಉರಿತದಿಂದ ಹುಟ್ಟುವ ನೀರಿನಂಶ ಎಣ್ಣೆಯಲ್ಲಿ ಸೇರುತ್ತದೆ, ನೆಲದ ಮೇಲೆ ಹತ್ತು ನಿಮಿಷ ಓಡಿದರೆ ಅದು ಕುದಿದು ಹೋಗುವಷ್ಟು ಕಾವು ಬರುವುದಿಲ್ಲ. ಹಾರಿಸುವುದಾದರೆ ಹಾರಿಸಬೇಕು, ಇಲ್ಲವಾದರೆ ಸಂರಕ್ಷಕ ಎಣ್ಣೆ ತುಂಬಿಸಿ ಮುಚ್ಚಿಡಬೇಕು. ಆದ್ದರಿಂದ ಮಾರಲು ನಿಶ್ಚಯಿಸಿದ್ದೀರಿ ಎಂದಾದರೆ ‘ಸುಮ್ಮನೆ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವ ಭಾವಮೈದುನರನ್ನು ಶೆಡ್ಡಿನ ಬಳಿ ಬಿಡಬೇಡಿ.

ಎಂಜಿನಿಯರ್ ಇನ್ನೂ ಏನೇನು ತೋರಿಸಿದರು! ಎಡ ರೆಕ್ಕೆಯ ಕೆಳಗಿರುವ ಪಿಟೊ ಎಂಬ ಸಣ್ಣ ಕೊಳವೆ ವಿಮಾನದ ವೇಗ ಅಳೆಯಲು ಗಾಳಿ ಹಿಡಿಯುತ್ತದೆ. ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಹಿಂದಿನ ಸೀಟಿನಲ್ಲಿ ಇಲಿಯ ಬಾಣಂತನ ಆಗಿತ್ತು. ನಿಂತಲ್ಲೇ ನಿಂತು ಟೈರುಗಳು ಚಪ್ಪಟೆಯಾಗಿದ್ದವು. ಸಿಲಿಂಡರುಗಳಿಗೆ ಗಾಳಿ ತುಂಬಿ ಒತ್ತಡ ಎಷ್ಟು ಸೋರುತ್ತದೆಂದು ಅಳೆದರು, ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಒಳಗೆ ನೋಡಿದರು. ಗಿರಾಕಿಯ ಕಡೆಯ ಎಂಜಿನಿಯರ್ ಮಾಡುವುದೂ ಇದನ್ನೇ. ನೀವೇ ಮೊದಲು ಮಾಡಿಸಿಕೊಂಡರೆ ಚೌಕಾಸಿಯ ಹೊತ್ತಿಗೆ ಬಾಯಿ ಕಟ್ಟುವುದಿಲ್ಲ.

ಬೆಲೆ ಮತ್ತು ಗಿರಾಕಿ

ಅಮೆರಿಕದ ಜಾಲತಾಣಗಳಲ್ಲಿ ಕಾಣುವ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಕನಸು ಕಾಣಬೇಡಿ. ಅದು ಹಾರುತ್ತಿರುವ ವಿಮಾನದ ಬೆಲೆ. ಅದರಿಂದ ಓವರ್‌ಹಾಲ್ ಖರ್ಚು, ಟೈರು, ಬ್ಯಾಟರಿ, ಹಳೆಯ ರೇಡಿಯೊ ಎಲ್ಲವನ್ನೂ ಕಳೆಯುತ್ತ ಬನ್ನಿ. ಕಂಪನಿಯ ಹೆಸರಿನಲ್ಲಿದ್ದರೆ ಜಿಎಸ್‌ಟಿ ಎಷ್ಟು, ಯಾವ ಮೊತ್ತದ ಮೇಲೆ ಎಂದು ಬೆಲೆ ಬಾಯಿಬಿಡುವ ಮುನ್ನವೇ ಲೆಕ್ಕಪರಿಶೋಧಕರನ್ನು ಕೇಳಿ. ಸ್ವಂತ ಬಳಕೆಯ ವಿಮಾನಗಳ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೆ ಏರಿಸಲಾಗಿದೆ.

ಗಿರಾಕಿ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಸೆಸ್ನಾ 172 ಜಗತ್ತಿನಲ್ಲಿ 44,000ಕ್ಕೂ ಹೆಚ್ಚು ತಯಾರಾದ ಮಾದರಿ. ಹಾರಾಟ ಕಲಿಸುವ ಶಾಲೆಗಳಿಗೆ ಅದು ಬೇಕು, ಬಿಡಿಭಾಗಕ್ಕಾದರೂ ಬೇಕು. ಕಲಬುರಗಿ, ಬೆಳಗಾವಿಯಲ್ಲೂ ಈಗ ಅಂಥ ತರಬೇತಿ ಸಂಸ್ಥೆಗಳಿವೆ. ಜಾಹೀರಾತಿನಲ್ಲಿ ತಯಾರಾದ ವರ್ಷ, ಕ್ರಮಸಂಖ್ಯೆ, ಹಾರಿದ ಒಟ್ಟು ಗಂಟೆ, ಎಂಜಿನ್ ಓವರ್‌ಹಾಲ್ ಆದ ದಿನ, ಹಾರಾಟ ಯೋಗ್ಯತೆಯ ಪರಿಶೀಲನಾ ಪತ್ರ ಮುಗಿದ ದಿನ, ಆದ ಅಪಘಾತ, ಇಷ್ಟನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಇಲಿಯ ವಿಷಯವನ್ನೂ ಬರೆದೆ. ಫೋನು ಮಾಡಿದವರು ಅದನ್ನೇ ಮೊದಲು ವಿಚಾರಿಸಿದರು, ನಂಬಿಕೆಯೂ ಅಲ್ಲಿಂದಲೇ ಹುಟ್ಟಿತು.

‘ಒಂದು ಸುತ್ತು ಹಾರಿಸಿ ತೋರಿಸಿ’ ಎಂದು ಕೇಳುವವರು ಬಹಳ ಮಂದಿ. ಆ ಪರಿಶೀಲನಾ ಪತ್ರದ ಅವಧಿ ಮುಗಿದಿದ್ದರೆ ಹಾರಿಸುವ ಹಾಗಿಲ್ಲ. ಚಾಲ್ತಿಯಲ್ಲಿದ್ದರೂ ವಿಮೆ, ಪರವಾನಗಿ ಇರುವ ಪೈಲಟ್, ಕೈಗೆ ಬಂದ ಮುಂಗಡ, ಈ ಮೂರೂ ಇಲ್ಲದೆ ಕೀಲಿ ಕೊಡಬೇಡಿ.

ಹಣ, ಆಮೇಲೆ ಪುಸ್ತಕ

ಮಾರಾಟ ಪತ್ರದಲ್ಲಿ ಒಡಲು, ಎಂಜಿನ್, ಪ್ರೊಪೆಲ್ಲರ್ ಮೂರರ ಕ್ರಮಸಂಖ್ಯೆ ಬರೆಯಿಸಿ, ‘ಇದ್ದ ಸ್ಥಿತಿಯಲ್ಲಿ’ ಎಂದು ಸೇರಿಸಿ. ಹಣ ಖಾತೆಗೆ ಬಿದ್ದದ್ದನ್ನು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಮೂಲ ಲಾಗ್‌ಬುಕ್ ಕೊಡಿ. ಇದು ಹಳೆಯ ಗುಮಾಸ್ತನ ಹಟ ಎಂದರೂ ಸರಿ. ಮಾಲೀಕತ್ವ ಬದಲಾದದ್ದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ತಿಳಿಸಿ, ಹಳೆಯ ನೋಂದಣಿ ಪತ್ರ ಒಪ್ಪಿಸಬೇಕು. ಕೊಂಡವರು ತಮ್ಮ ಹೆಸರಿಗೆ ಅರ್ಜಿ ಹಾಕುತ್ತಾರೆ. ವಿಮಾನದ ರೇಡಿಯೊಗೆ ಪ್ರತ್ಯೇಕ ಲೈಸೆನ್ಸ್ ಇರುತ್ತದೆ, ಅದನ್ನು ಮರೆಯುವವರೇ ಹೆಚ್ಚು.

ಹಾರಲಾಗದ ವಿಮಾನವನ್ನು ಸಾಗಿಸಲು ಒಂದೋ ಒಂದೇ ಪಯಣಕ್ಕೆ ವಿಶೇಷ ಅನುಮತಿ ಪಡೆಯಬೇಕು, ಇಲ್ಲವೇ ರೆಕ್ಕೆ ಬಿಚ್ಚಿ ಲಾರಿಗೆ ಹಾಕಬೇಕು. ನಮ್ಮದನ್ನು ಕೊಂಡ ಶಾಲೆಯವರು ಲಾರಿ ತಂದರು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 11 ಮೀಟರ್, ತೂಕ ನೋಡಿದರೆ ಕಾರಿಗಿಂತ ಕಡಿಮೆ. ರೆಕ್ಕೆ ಬಿಚ್ಚಿದ್ದನ್ನೂ ಎಂಜಿನಿಯರ್ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಮಾವ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಹುಲಿಗೆಮ್ಮನ ಪಟವನ್ನು ಅತ್ತೆ ಬಿಡಿಸಿಕೊಳ್ಳಲು ಹೋದಾಗ, ಅದು ಸಲಕರಣೆಗಳ ಪಟ್ಟಿಯಲ್ಲಿ ಇದೆಯೇ ಎಂದು ಶಾಲೆಯ ಹುಡುಗನೊಬ್ಬ ಗಂಭೀರವಾಗಿ ಪುಟ ತಿರುವಿ ನೋಡಿದ. ಇರಲಿಲ್ಲ. ಅತ್ತೆ ಪಟವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು.