ತಗ್ಗಿಸಿದ ಸ್ವಿಫ್ಟ್‌ಗೆ ಮನೆಯ ಪೋರ್ಚ್‌ನಲ್ಲೇ ಕ್ಯಾಂಬರ್ ಸರಿ ಮಾಡಿಕೊಂಡೆ

ಎಡಗಡೆ ಮುಂದಿನ ಟೈರ್ ಬಿಚ್ಚಿ ನೆಲಕ್ಕೆ ಇಟ್ಟಾಗ ಒಳಗಿನ ಅಂಚಿನಲ್ಲಿ ತಂತಿ ಕಾಣುತ್ತಿತ್ತು. ಹೊರಗಿನ ಅಂಚಿನಲ್ಲಿ ಟೈರಿನ ಕಚ್ಚು ಇನ್ನೂ ಚೆನ್ನಾಗಿಯೇ ಇತ್ತು. ನಿಂತ ಗಾಡಿಯನ್ನು ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಆ ಟೈರ್ ಹಾಕಿಸಿ ಓಡಿದ್ದು ಬರೀ 9,000 ಕಿಲೋಮೀಟರ್. ಹೈವೇಯಲ್ಲಿ ಸಿಡಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನದು ಹಳೇ ಡೀಸೆಲ್ ಸ್ವಿಫ್ಟ್, 15 ಇಂಚಿನ ಅಲಾಯ್. ಗಾಡಿ ನೆಲಕ್ಕೆ ಹತ್ತಿರ ಕೂತಿರುವುದು ನನಗೆ ತುಂಬಾ ಇಷ್ಟ. ಅದಕ್ಕೇ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದ್ದೆ. ಅವತ್ತೇ ಅಲೈನ್‌ಮೆಂಟ್ ಕೂಡ, ಅಂದರೆ ಚಕ್ರಗಳ ಕೋನ ಸರಿ ಮಾಡುವ ಕೆಲಸ, ಮಾಡಿಸಿದ್ದೆ. ಅಲ್ಲೇ ತಪ್ಪಾಗಿದ್ದು. ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೂ ಸ್ವಲ್ಪ ಕೂರುತ್ತೆ. ಗಾಡಿ ಕೂತಂತೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಮೇಲಕ್ಕೆ ಏಳುತ್ತೆ, ಚಕ್ರದ ತಲೆ ಒಳಗೆ ವಾಲುತ್ತೆ. ಈ ವಾಲಿಕೆಗೇ ಕ್ಯಾಂಬರ್ ಅನ್ನೋದು, ತಲೆ ಒಳಗಿದ್ದರೆ ಮೈನಸ್. ಟೋ ಕೂಡ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಒಳಗೋ ಹೊರಗೋ ತಿರುಗಿರುವುದು, ಬದಲಾಗುತ್ತೆ. ಅವತ್ತು ಮಾಡಿಸಿದ ಅಲೈನ್‌ಮೆಂಟ್ ಒಂದು ತಿಂಗಳಿಗೇ ಸುಳ್ಳಾಗಿತ್ತು.

ಮತ್ತೆ ಅಂಗಡಿಗೆ ಹೋದರೆ ಅಲ್ಲಿನ ಹುಡುಗ ಸ್ಕ್ರೀನ್ ತೋರಿಸಿದ. "ಅಣ್ಣಾ, ಈ ಗಾಡೀಲಿ ಕ್ಯಾಂಬರ್ ಅಡ್ಜಸ್ಟ್ ಬರಲ್ಲ. ಟೋ ಮಾತ್ರ ಮಾಡಿ ಕೊಡ್ತೀನಿ." ಅವನು ಹೇಳಿದ್ದು ಸರಿ. ಸ್ವಿಫ್ಟ್‌ನಲ್ಲಿ ಸ್ಟ್ರಟ್ಟನ್ನು (ಸ್ಪ್ರಿಂಗ್ ಕೂತಿರುವ ಶಾಕ್ ಅಬ್ಸಾರ್ಬರ್ ಕಂಬ) ನಕಲ್‌ಗೆ (ಚಕ್ರದ ಹಬ್ ಹೊತ್ತಿರುವ ಕಬ್ಬಿಣದ ತುಂಡು) ಎರಡು ಬೋಲ್ಟ್ ಹಿಡಿದಿರುತ್ತವೆ. ಕಂಪನಿಯಿಂದ ಬಂದ ಹಾಗೆ ಅಲ್ಲಿ ಕದಲಿಸಲು ಜಾಗವೇ ಇಲ್ಲ. ಮೇಲಿನ ಬೋಲ್ಟ್ ತೆಗೆದು ಕ್ಯಾಂಬರ್ ಬೋಲ್ಟ್ ಹಾಕಬೇಕು. ಅದರ ದಂಡ ಸ್ವಲ್ಪ ಸಣ್ಣ, ಜೊತೆಗೆ ಒಂದು ಕಡೆ ಉಬ್ಬು ಇರುತ್ತೆ. ತಿರುಗಿಸಿದರೆ ಆ ಉಬ್ಬು ನಕಲ್‌ನ ತಲೆಯನ್ನು ಒಳಗೋ ಹೊರಗೋ ತಳ್ಳುತ್ತೆ. ಒಂದು ಜೊತೆ ತರಿಸಿಕೊಂಡೆ. ನಾನು ಲೇತ್ ಕೆಲಸದವನು, ಅಳತೆ ನನಗೆ ಹೊಸದಲ್ಲ. ಒಂದು ಭಾನುವಾರ ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆ ಪೋರ್ಚ್‌ನಲ್ಲೇ ಕೆಲಸ ಶುರು ಮಾಡಿದೆ. ಅಕ್ಕನ ಮಗ ಕೈಜೋಡಿಸಿದ.

ಮೊದಲು ನೆಲ. ಪೋರ್ಚ್ ನೆಲ ನೀರು ಹರಿಯಲಿ ಅಂತ ಗೇಟಿನ ಕಡೆ ಇಳಿಜಾರಾಗಿರುತ್ತೆ, ಕೆಲವು ಕಡೆ ಅಡ್ಡಕ್ಕೂ ಇಳಿದಿರುತ್ತೆ. ಗಾರೆ ಮೇಸ್ತ್ರಿಯ ನೀರಿನ ಟ್ಯೂಬ್ ತಂದು ನಾಲ್ಕು ಚಕ್ರದ ಜಾಗವನ್ನೂ ನೋಡಿದೆವು. ಬಲಗಡೆ 6 ಮಿ.ಮೀ. ತಗ್ಗಿತ್ತು. ಅಲ್ಲಿ ಪ್ಲೈವುಡ್ ತುಂಡು ಹಾಕಿ ಸಮ ಮಾಡಿದೆವು. ಮುಂದಿನ ಎರಡೂ ಚಕ್ರದ ಕೆಳಗೆ ಎರಡೆರಡು ತಗಡಿನ ತುಂಡು, ಮಧ್ಯೆ ಗ್ರೀಸ್. ಇದಿಲ್ಲದಿದ್ದರೆ ಟೈರ್ ನೆಲಕ್ಕೆ ಕಚ್ಚಿಕೊಂಡು ಸುಳ್ಳು ಅಳತೆ ಕೊಡುತ್ತೆ.

ಕ್ಯಾಂಬರ್ ಅಳೆದದ್ದು ಮೇಸ್ತ್ರಿಯ ತೂಕದ ಗುಂಡಿನಲ್ಲೇ. ಫೆಂಡರ್ ಮೇಲೆ ಮರದ ಪಟ್ಟಿಯೊಂದನ್ನು ಟೇಪ್ ಹಾಕಿ ಅಂಟಿಸಿ, ಟೈರಿಗೆ ತಾಗದ ಹಾಗೆ ದಾರ ಇಳಿಬಿಟ್ಟೆ. ದಾರದಿಂದ ರಿಮ್‌ನ ಮೇಲಿನ ಅಂಚಿಗೆ ಎಷ್ಟು, ಕೆಳಗಿನ ಅಂಚಿಗೆ ಎಷ್ಟು, ಅಷ್ಟೇ ಲೆಕ್ಕ. ನನ್ನ ರಿಮ್ ಅಂಚಿನಿಂದ ಅಂಚಿಗೆ 41 ಸೆಂ.ಮೀ. ಹಾಗಾದರೆ 1 ಡಿಗ್ರಿಗೆ ಸುಮಾರು 7 ಮಿ.ಮೀ. ವ್ಯತ್ಯಾಸ. ಎಡಗಡೆ ತಲೆ 17 ಮಿ.ಮೀ. ಒಳಗಿತ್ತು, ಬಲಗಡೆ 12. ಅಂದರೆ ಒಂದು ಕಡೆ ಸುಮಾರು ಮೈನಸ್ 2.4 ಡಿಗ್ರಿ, ಇನ್ನೊಂದು ಕಡೆ ಮೈನಸ್ 1.7.

ಎರಡು ಕಡೆ ಇಷ್ಟು ಫರಕ್ ಬಂದರೆ ಬೋಲ್ಟಿಗೆ ಕೈ ಹಾಕಬಾರದು. ಮೊದಲು ಏನು ಸವೆದಿದೆ ಅಂತ ಹುಡುಕಬೇಕು. ಜಾಕ್ ಹಾಕಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದೆ. ಎಡಗಡೆ ಟಕ್ ಟಕ್ ಅಂತು. ಟಾರ್ಚ್ ಬಿಟ್ಟರೆ ಲೋವರ್ ಆರ್ಮ್‌ನ ಹಿಂದಿನ ಬುಷ್ (ಆರ್ಮ್ ಕೂರುವ ರಬ್ಬರ್ ಬಳೆ) ಹರಿದು ರಬ್ಬರ್ ಜೋತಾಡುತ್ತಿತ್ತು. ಪಿ.ಬಿ. ರಸ್ತೆಯಲ್ಲಿ ಆರ್ಮ್ ಸೆಟ್ ತಂದು ಬದಲಾಯಿಸಿದೆ. ಆರ್ಮ್‌ನ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿ ಮಾಡಬೇಡಿ. ಗಾಡಿ ತನ್ನ ತೂಕದಲ್ಲಿ ಕೂತ ಮೇಲೆಯೇ ಬಿಗಿ ಮಾಡಿ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಆರ್ಮ್ ಹಾಕಿದ ಮೇಲೆ ಎಡಗಡೆ 15ಕ್ಕೆ ಬಂತು.

ಆಮೇಲೆ ಕ್ಯಾಂಬರ್ ಬೋಲ್ಟ್. ಕೆಳಗಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಮೇಲಿನದನ್ನು ತೆಗೆದು ಹೊಸದು ತೂರಿಸಿದೆ. ಈ ಹೊತ್ತಿನಲ್ಲಿ ನಕಲ್ ತಾನಾಗಿ ಹೊರಗೆ ಬೀಳಲು ನೋಡುತ್ತೆ. ಬಿಟ್ಟರೆ ಬ್ರೇಕ್ ಹೋಸ್ ಎಳೆದುಕೊಳ್ಳುತ್ತೆ, ಡ್ರೈವ್ ಶಾಫ್ಟ್‌ನ ಒಳ ಜಾಯಿಂಟ್ ಕಳಚಿಕೊಳ್ಳಬಹುದು. ಅಕ್ಕನ ಮಗ ಎರಡೂ ಕೈಯಲ್ಲಿ ಡಿಸ್ಕ್ ಹಿಡಿದು ನಿಂತಿದ್ದ. ಉಬ್ಬನ್ನು ಹೊರಮುಖ ತಿರುಗಿಸಿ ಬಿಗಿ ಮಾಡಿದೆ. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತೋರಿಸುವ ಪಾನಾ) ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಬೋಲ್ಟ್ ಸಣ್ಣದು, ಕಿಟ್‌ನ ಹಾಳೆಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಬಿಗಿ ಮಾಡಬೇಕು. ಪ್ರತಿ ಸಲ ಗಾಡಿ ಇಳಿಸಿ, ಬಾನೆಟ್ ಒತ್ತಿ ಕುಲುಕಿ, ಹಿಂದೆ ಮುಂದೆ ತಳ್ಳಿ ಮತ್ತೆ ಅಳೆಯಬೇಕು. ನಾಲ್ಕು ಸಲ ಮಾಡಿದ ಮೇಲೆ ಎಡಗಡೆ 7.5, ಬಲಗಡೆ 7 ಮಿ.ಮೀ. ಅಂದರೆ ಎರಡೂ ಕಡೆ ಮೈನಸ್ 1 ಡಿಗ್ರಿ ಆಸುಪಾಸು. "ಸೊನ್ನೆಗೇ ತರಬಹುದಲ್ವಾ ಮಾವ?" ಅಂತ ಹುಡುಗ ಕೇಳಿದ. ತರಬಹುದಿತ್ತು. ಆದರೆ ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲಿದಾಗ ಟೈರ್ ಪೂರ್ತಿ ನೆಲಕ್ಕೆ ಕೂರಲು ಈ ಒಂದು ಡಿಗ್ರಿ ಬೇಕು.

ಇಷ್ಟಕ್ಕೇ ಬಿಟ್ಟಿದ್ದರೆ ಹೊಸ ಟೈರ್ ಇನ್ನೂ ಬೇಗ ಹೋಗುತ್ತಿತ್ತು. ಟೈರನ್ನು ನಿಜವಾಗಿ ತಿನ್ನುವುದು ಟೋ. ಹಳೇ ಟೈರಿನ ಮೇಲೆ ಅಂಗೈ ಅಡ್ಡಕ್ಕೆ ಸವರಿ ನೋಡಿದ್ದೆ. ಒಂದು ಕಡೆಯಿಂದ ನುಣುಪು, ವಾಪಸ್ ಬಂದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತಿತ್ತು. ಅದು ಟೋ ಗುರುತು. ಬರೀ ಕ್ಯಾಂಬರ್ ಆದರೆ ಅಂಚು ನುಣ್ಣಗೆ ಸವೆಯುತ್ತೆ.

ಗಾಡಿಯ ಎರಡೂ ಪಕ್ಕ ಹಬ್ ಎತ್ತರಕ್ಕೆ ನೈಲಾನ್ ದಾರ ಕಟ್ಟಿದೆವು. ಎರಡು ದಾರದ ನಡುವಿನ ಅಂತರ ಮುಂದೆ ಹಿಂದೆ ಒಂದೇ ಇರಬೇಕು, ಎಡ ಬಲದ ಹಬ್‌ಗಳಿಂದಲೂ ಸಮ ದೂರ ಇರಬೇಕು. ಸ್ಟೀರಿಂಗ್ ನೇರ ಮಾಡಿ ಸೀಟ್ ಬೆಲ್ಟಿನಿಂದ ಬಿಗಿದೆ. ದಾರದಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆದರೆ, ಎಡ ಚಕ್ರ 3 ಮಿ.ಮೀ., ಬಲ ಚಕ್ರ 2 ಮಿ.ಮೀ. ಹೊರಗೆ ತೆರೆದುಕೊಂಡಿದ್ದವು. ಕ್ಯಾಂಬರ್ ಕದಲಿಸಿದ್ದಕ್ಕೇ ಇಷ್ಟು. ಟೈರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರುವ ಸರಳು) ನಕಲನ್ನು ಹಿಂದಿನಿಂದ ಹಿಡಿದಿರುತ್ತೆ, ತಲೆ ಹೊರಗೆ ತಳ್ಳಿದರೆ ಮುಂದಿನ ಅಂಚು ಬಾಯಿ ಬಿಡುತ್ತೆ. 3 ಮಿ.ಮೀ. ಏನು ಮಹಾ ಅನ್ನಬೇಡಿ. ಆ ಚಕ್ರ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಸುಮಾರು 7 ಮೀಟರ್‌ನಷ್ಟು ಅಡ್ಡಕ್ಕೆ ಉಜ್ಜುತ್ತೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿಲೋಮೀಟರ್ ಹೋದರೆ 400 ಮೀಟರ್ ದಾಟಿತು.

ಟೈರಾಡ್ ಚೆಕ್ ನಟ್ ತುಕ್ಕು ಹಿಡಿದಿತ್ತು, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಕಾಲು ಸುತ್ತು, ಕಾಲು ಸುತ್ತು ಅಂತ ತಿರುಗಿಸಿ ಎರಡೂ ಸೇರಿ 1 ಮಿ.ಮೀ. ಒಳಗೆ ತಂದು ನಿಲ್ಲಿಸಿದೆ. ಕ್ಯಾಂಬರ್ ಬೋಲ್ಟ್ ಕದಲಿದರೆ ಗೊತ್ತಾಗಲಿ ಅಂತ ತಲೆಯಿಂದ ಸ್ಟ್ರಟ್‌ವರೆಗೆ ಅಕ್ಕನ ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದೆ.

ಹೊಸ ಟೈರ್ ಹಾಕಿಸಿ ಭರಮಸಾಗರದವರೆಗೆ ಹೋಗಿ ಬಂದೆ. ಮೊದಲಿನ ಹಾಗೆ ಗಾಡಿ ಒಂದು ಕಡೆಗೆ ಎಳೆಯುವುದು ನಿಂತಿತ್ತು. ಮರುದಿನ ಅದೇ ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಮಷೀನಿಗೆ ಹಾಕಿಸಿದೆ. ಎಡ ಮೈನಸ್ 1.1, ಬಲ ಮೈನಸ್ 0.9. ಆ ಹುಡುಗ ಬಗ್ಗಿ ಬೋಲ್ಟ್ ನೋಡಿ, ಎಲ್ಲಿ ತರಿಸಿದ್ರಿ ಅಂತ ಕೇಳಿ ಬರೆದುಕೊಂಡ.

ಈಗ 6,000 ಕಿಲೋಮೀಟರ್ ಆಗಿದೆ. ಮೊನ್ನೆ ಡೆಪ್ತ್ ಗೇಜ್ ಇಟ್ಟು ಟೈರಿನ ಕಚ್ಚು ಎಷ್ಟು ಆಳ ಉಳಿದಿದೆ ಅಂತ ನೋಡಿದೆ. ಎಡಗಡೆ ಒಳಗೆ 6.3 ಮಿ.ಮೀ., ಹೊರಗೆ 6.7. ಬಲಗಡೆ 6.4, 6.7. ನೇಲ್ ಪಾಲಿಶ್ ಗೆರೆ ಎರಡೂ ಕಡೆ ಇದ್ದಲ್ಲೇ ಇದೆ.